ಗೇಮ್ ಮಾಡಲು ಕಲಿಯುವ ಮಕ್ಕಳಿಗೆ ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪರೀಕ್ಷೆ ಮುಗಿಯುವ ಹೊತ್ತಿಗೆ ಬೆಳಗಿನ ಪೇಪರ್ ಬಿಡಿಸಿದರೆ ಒಳಗಿಂದ ಬೇಸಿಗೆ ಶಿಬಿರದ ಕರಪತ್ರಗಳು ಉದುರುತ್ತವೆ. ಹಾಕಿ, ಕರಾಟೆ, ಅಬ್ಯಾಕಸ್ ಮೊದಲಿನಿಂದಲೂ ಇದ್ದವು. ಈಗ ‘ಗೇಮ್ ಡೆವಲಪ್‌ಮೆಂಟ್’ ಕೂಡ ಸೇರಿಕೊಂಡಿದೆ. ನಾನು ಗೋಣಿಕೊಪ್ಪಲಿನಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ನಡೆಸುವವಳು. ಈ ಕರಪತ್ರಗಳಲ್ಲಿ ಕೆಲವನ್ನು ಟೈಪ್ ಮಾಡಿ, ಡಿಸೈನ್ ಮಾಡಿ ಕೊಡುವುದು ನಾನೇ. ಹಾಗಾಗಿ ಅದರಲ್ಲಿ ಏನಿರುತ್ತದೆ, ಏನಿರುವುದಿಲ್ಲ ಅಂತ ಚೆನ್ನಾಗಿ ಗೊತ್ತು. ಫೀಸು ಇರುತ್ತದೆ. ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಇರುತ್ತದೆ. ಕಾರ್ಟೂನ್ ಗೊಂಬೆ ಇದ್ದೇ ಇರುತ್ತದೆ. ಯಾವ ಸಾಫ್ಟ್‌ವೇರ್‌ನಲ್ಲಿ ಕಲಿಸುತ್ತಾರೆ, ಅದು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಓಡುತ್ತದಾ ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ.

ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸು. ಹೋದ ರಜೆಯಲ್ಲಿ ಅವನನ್ನು ಇಂಥದ್ದೇ ಒಂದು ಆನ್‌ಲೈನ್ ಕ್ಲಾಸಿಗೆ ಹಾಕಿದರು. ಯಾರದು ಅನ್ನುವುದು ಇಲ್ಲಿ ಬೇಡ. ಫೀಸು ಹನ್ನೆರಡು ಸಾವಿರ. ಶುರುವಿಗೇ ಗೇಮ್ ಮಾಡುವ ಯೂನಿಟಿ ಅನ್ನುವ ಸಾಫ್ಟ್‌ವೇರ್ ಇಳಿಸಿಕೊಳ್ಳಿ ಅಂದರು. ಅದು ಹಲವು ಜಿಬಿಯ ಸರಕು. ಅಕ್ಕನ ಮನೆ ಬಾಳೆಲೆ ಕಡೆ. ಅಲ್ಲಿ ಫೋನಿಗೆ ನೆಟ್‌ವರ್ಕ್ ಸಿಗಬೇಕಾದರೆ ಕಾಫಿ ಒಣಗಿಸುವ ಕಣದ ಆ ತುದಿಗೆ ಹೋಗಬೇಕು. ಹುಡುಗ ಕಣದಲ್ಲಿ ಕುರ್ಚಿ ಹಾಕಿಕೊಂಡು, ಹಾಟ್‌ಸ್ಪಾಟ್ ಹಚ್ಚಿ, ದಿನದ ಡೇಟಾ ಮುಗಿದರೆ ಅಪ್ಪನ ಫೋನು, ಅದೂ ಮುಗಿದರೆ ಅಮ್ಮನ ಫೋನು ಅಂತ ಹೇಗೋ ಇಳಿಸಿದ. ಲ್ಯಾಪ್‌ಟಾಪ್ 4 ಜಿಬಿ ರ‍್ಯಾಮಿನದು. ತೆರೆದರೆ ಫ್ಯಾನು ಕಿರುಚಿಕೊಳ್ಳುತ್ತದೆ, ಮೌಸು ಅಲ್ಲೇ ನಿಂತುಬಿಡುತ್ತದೆ. ಕ್ಲಾಸಿನವರನ್ನು ಕೇಳಿದರೆ, ‘ಬೇರೆ ಲ್ಯಾಪ್‌ಟಾಪ್ ತಗೊಳ್ಳಿ ಮೇಡಂ, ಮಗುವಿನ ಭವಿಷ್ಯದ ಪ್ರಶ್ನೆ’ ಅನ್ನುವ ಉತ್ತರ ಬಂತು. ರಜೆ ಮುಗಿಯಿತು. ಸರ್ಟಿಫಿಕೇಟಿನ ಪಿಡಿಎಫ್ ಬಂತು. ಅದನ್ನು ಕಲರ್ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಕೊಟ್ಟವಳೂ ನಾನೇ. ಗೇಮ್ ಮಾತ್ರ ಒಂದೂ ಆಗಿರಲಿಲ್ಲ.

ಯೂನಿಟಿಯನ್ನು ಬೈಯಲು ನಾನು ಬರೆಯುತ್ತಿಲ್ಲ. ಅದು ಕೆಟ್ಟದ್ದಲ್ಲ. ಊರೆಲ್ಲ ಫೋನ್ ಹಿಡಿದು ಬೀದಿ ಸುತ್ತುವಂತೆ ಮಾಡಿದ ಪೋಕೆಮಾನ್ ಗೋ ಅದರಲ್ಲೇ ಮಾಡಿದ್ದು. ಆದರೆ ಅದು ಸಂಬಳ ತಗೊಂಡು ಅದೇ ಕೆಲಸ ಮಾಡುವವರ ಸಾಮಾನು. ಮೊದಲ ಸಲ ಗೇಮ್ ಮಾಡುವ ಹುಡುಗನಿಗೆ ಅದನ್ನು ಕೊಡುವುದು ಅಂದರೆ ಹೂವಿನ ಪಾತಿ ಅಗೆಯಲು ಜೆಸಿಬಿ ಕರೆಸಿದ ಹಾಗೆ. ಅನ್‌ರಿಯಲ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಇನ್ನೂ ಭಾರ. ಅದರ ಹೆಸರು ಹೇಳಿ ಯಾರಾದರೂ ಏಳನೇ ಕ್ಲಾಸಿನ ಮಗುವಿಗೆ ಫೀಸು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅಂಗಡಿಗೆ ಬರುವ ಅಪ್ಪ ಅಮ್ಮಂದಿರು ‘ಯಾವುದು ಒಳ್ಳೆಯದು’ ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಮನೆಯಲ್ಲಿ ಯಾವ ಕಂಪ್ಯೂಟರ್ ಇದೆ, ನೆಟ್ ಹೇಗಿದೆ ಅಂತ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಹೇಳುವ ಹಾಗಿಲ್ಲ. ನೆಟ್ಟಿನದೂ ಅದೇ ಕಥೆ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನವೇ ಮಕ್ಕಳಿಗೆ ಬಿಡುವು, ಆವತ್ತೇ ಎರಡೂ ಇರುವುದಿಲ್ಲ. ಹಾಗಾಗಿ ನೆಟ್ ಇಲ್ಲದೆ ಓಡುವ, ಹಳೇ ಯಂತ್ರದಲ್ಲೂ ಉಸಿರಾಡುವ, ದುಡ್ಡು ಕೇಳದ ಸಾಫ್ಟ್‌ವೇರ್ ನಮಗೆ ಬೇಕು. ಬೆಂಗಳೂರಿನವರ ಯೂಟ್ಯೂಬ್ ಪಟ್ಟಿಯಲ್ಲಿ ಈ ಲೆಕ್ಕ ಇರುವುದಿಲ್ಲ, ಅಲ್ವಾ?

ನಾನು ಮೊದಲು ಹೇಳುವುದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿದ್ದು, 2007ರಲ್ಲಿ ಹೊರಬಂತು. 8ರಿಂದ 16 ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ಪೂರ್ತಿ ಉಚಿತ. ವಿಂಡೋಸ್ 10 ಇರುವ ಕಂಪ್ಯೂಟರಿಗೆ ಒಂದು ಸಲ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಇದರಲ್ಲಿ ಕೋಡನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು, ಟೈಪ್ ಮಾಡುವ ಕೆಲಸವಿಲ್ಲ. ಬಣ್ಣಬಣ್ಣದ ತುಂಡುಗಳನ್ನು ಎಳೆದು ಒಂದರ ಕೆಳಗೆ ಒಂದು ಜೋಡಿಸಬೇಕು. ಹೊಂದದ ತುಂಡು ಅಂಟಿಕೊಳ್ಳುವುದೇ ಇಲ್ಲ. ಕೋಡಿನಲ್ಲಿ ಒಂದು ಸೆಮಿಕೋಲನ್ (;) ಮರೆತು ಅಳುವ ಪ್ರಸಂಗ ಇಲ್ಲಿ ಬರುವುದಿಲ್ಲ. ಇನ್ನೂ ಚಿಕ್ಕವರಿಗೆ, ಅಂದರೆ 5ರಿಂದ 7 ವರ್ಷದವರಿಗೆ, ಟ್ಯಾಬ್‌ನಲ್ಲಿ ಓಡುವ ಸ್ಕ್ರ್ಯಾಚ್ ಜೂನಿಯರ್ ಇದೆ. ಅದರ ತುಂಡುಗಳ ಮೇಲೆ ಅಕ್ಷರವೇ ಇಲ್ಲ, ಬರೀ ಚಿತ್ರ.

‘ಅದು ಪುಟಾಣಿಗಳ ಆಟಿಕೆ’ ಅಂತ ಮೂಗು ಮುರಿಯುವವರಿಗೆ ನಮ್ಮ ಅಂಗಡಿಯಲ್ಲಿ ಆದ ಒಂದು ಗೇಮಿನ ಬಗ್ಗೆ ಹೇಳುತ್ತೇನೆ.

ಹತ್ತಿರದ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿ, ಏಳನೇ ಕ್ಲಾಸು. ಅವಳ ಅಮ್ಮ ಆಧಾರ್ ತಿದ್ದುಪಡಿಗೆ ಬಂದು ಸರತಿಯಲ್ಲಿ ಕೂತಾಗ ಇವಳು ಮೂಲೆಯ ಹಳೇ ಕಂಪ್ಯೂಟರಿನ ಮುಂದೆ ಕೂತಳು. ಆಮೇಲೆ ಬಿಡುವಾದಾಗಲೆಲ್ಲ ಬರತೊಡಗಿದಳು. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಹಲಸು ಹಣ್ಣಾದರೆ ವಾಸನೆಗೆ ಆನೆ ತೋಟಕ್ಕೆ ನುಗ್ಗುತ್ತದೆ. ಅದಕ್ಕೇ ಕಾಯಿ ಇರುವಾಗಲೇ ಕಿತ್ತು ಹಾಕುತ್ತಾರೆ. ಇವಳ ಗೇಮೂ ಅದೇ. ಮೇಲಿನಿಂದ ಹಲಸು ಬೀಳುತ್ತದೆ. ಕೆಳಗೆ ಬುಟ್ಟಿ ಓಡಿಸಿ ಹಿಡಿಯಬೇಕು. ಒಂದು ತಪ್ಪಿ ನೆಲಕ್ಕೆ ಬಿದ್ದರೆ ಆನೆ ಒಂದು ಹೆಜ್ಜೆ ಲೈನ್ ಮನೆಯ ಕಡೆ ಬರುತ್ತದೆ. ಆನೆ ಬಾಗಿಲು ಮುಟ್ಟಿದರೆ ಆಟ ಮುಗಿಯಿತು. ಸ್ಕ್ರ್ಯಾಚ್‌ನ ಚಿತ್ರಗಳಲ್ಲಿ ಆನೆ ಇದೆ, ಹಲಸು ಇಲ್ಲ. ಅದನ್ನು ಅವಳೇ ಬಿಡಿಸಿದಳು, ಮುಳ್ಳು ಒಂದೊಂದಾಗಿ ಚುಕ್ಕೆ ಇಟ್ಟು. ಆನೆ ಘೀಳಿಡುವ ಸದ್ದನ್ನು ಬಾಯಲ್ಲೇ ಮಾಡಿ ಮೈಕಿಗೆ ಹಿಡಿದಳು. ಜೆರಾಕ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು.

ಆಡಿಸಿ ನೋಡಿದರೆ ಒಂದು ಎಡವಟ್ಟು. ಒಂದೇ ಒಂದು ಹಲಸು ನೆಲ ಮುಟ್ಟಿದ್ದೇ ತಡ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಆನೆ ಬಾಗಿಲಲ್ಲಿ! ಅವಳು ಆನೆಯ ಹೆಜ್ಜೆಯನ್ನು 40ರಿಂದ 10ಕ್ಕೆ ಇಳಿಸಿದಳು. ಆಗಲೂ ಅದೇ ಓಟ. ಹೆಜ್ಜೆಯ ಅಳತೆಯಲ್ಲಿ ತಪ್ಪಿರಲಿಲ್ಲ. ‘ಸದಾ ನೋಡುತ್ತಿರು’ ಅನ್ನುವ ತುಂಡು ಒಂದು ಸೆಕೆಂಡಿಗೆ ಸುಮಾರು 30 ಸಲ ನೋಡುತ್ತದೆ. ಹಲಸು ನೆಲದ ಮೇಲೆ ಬಿದ್ದುಕೊಂಡೇ ಇದ್ದರೆ ಅಷ್ಟೂ ಸಲ ‘ಬಿತ್ತು, ಬಿತ್ತು’ ಅಂತ ಲೆಕ್ಕ ಹಿಡಿಯುತ್ತದೆ. ಅಷ್ಟೂ ಸಲ ಆನೆ ಹೆಜ್ಜೆ ಇಡುತ್ತದೆ. ನಾನು ಉತ್ತರ ಹೇಳಲಿಲ್ಲ. ‘ಬಿದ್ದ ಹಲಸು ಎಲ್ಲಿ ಹೋಗುತ್ತೆ ನೋಡು’ ಅಂದೆ ಅಷ್ಟೇ. ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತಿದ್ದವಳು, ‘ಅದು ಹೋಗೋದೇ ಇಲ್ಲ ಆಂಟಿ, ಅಲ್ಲೇ ಇದೆ!’ ಅಂದಳು. ನೆಲ ಮುಟ್ಟಿದ ಕೂಡಲೇ ಹಲಸನ್ನು ಪರದೆಯ ಮೇಲ್ತುದಿಗೆ ಕಳಿಸುವ ತುಂಡನ್ನು ಸೇರಿಸಿದಳು. ಎಡಬಲ ಎಲ್ಲಿಂದ ಬೀಳಬೇಕು ಅನ್ನುವುದಕ್ಕೆ ಮೈನಸ್ 220ರಿಂದ 220ರ ನಡುವೆ ಯಾವುದಾದರೂ ಒಂದು ಅಂಕಿ ಆರಿಸು ಅಂತ ಹಾಕಿದಳು. ಆನೆ ಹೆಜ್ಜೆ ಹೆಜ್ಜೆಯಾಗಿ ಬರತೊಡಗಿತು.

ಈ ಮೈನಸ್ 220 ಎಲ್ಲಿಂದ ಬಂತು? ಸ್ಕ್ರ್ಯಾಚ್‌ನ ಪರದೆ 480 ಅಗಲ, 360 ಎತ್ತರ. ನಟ್ಟನಡುವೆ ಸೊನ್ನೆ. ಎಡಕ್ಕೆ ಹೋದರೆ ಮೈನಸ್, ಬಲಕ್ಕೆ ಪ್ಲಸ್. ಒಂಬತ್ತನೇ ಕ್ಲಾಸಿನಲ್ಲಿ ನಿರ್ದೇಶಾಂಕ ರೇಖಾಗಣಿತ ಅಂತ ಬರುವ ಪಾಠ ಇದೇ. ಏಳನೇ ಕ್ಲಾಸಿನ ಹುಡುಗಿ ಅದನ್ನು ಹಲಸು ಬೀಳಿಸಲು ಬಳಸಿದಳು. ‘ಗೇಮ್ ಮಾಡಿದರೆ ಏನು ಬಂತು’ ಅನ್ನುವವರಿಗೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಇದು ಡಿಟಿಪಿಯವರಿಗೆ ಬಿಟ್ಟರೆ ಬೇರೆಯವರ ಕಣ್ಣಿಗೆ ಬೀಳುವುದು ಕಡಿಮೆ. ಕನ್ನಡ ಅಕ್ಷರ ಸರಿಯಾಗಿ ಕಾಣುತ್ತದಾ? ನಮ್ಮ ಮಕ್ಕಳು ಗೇಮಿನೊಳಗೆ ಕನ್ನಡದಲ್ಲೇ ಬರೆಯಬೇಕು ಅಂತ ನನ್ನ ಆಸೆ. ‘ಗೇಮ್ ಓವರ್’ ಬದಲು ‘ಆನೆ ಬಂತು ಓಡಿ’ ಅಂತ ಬಂದರೆ ಅದರ ಮಜವೇ ಬೇರೆ. ಯಾವುದೇ ಹೊಸ ಸಾಫ್ಟ್‌ವೇರ್ ಸಿಕ್ಕಿದರೆ ನಾನು ಮೊದಲು ‘ಬ್ರಹ್ಮಗಿರಿ’ ಅಂತ ಟೈಪ್ ಮಾಡಿ ನೋಡುತ್ತೇನೆ. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ ಅದು ನಮಗಲ್ಲ. ಸ್ಕ್ರ್ಯಾಚ್ ಈ ಪರೀಕ್ಷೆಯಲ್ಲಿ ಪಾಸು. ಅಂಕ, ಜೀವ, ಆನೆಯ ದೂರ, ಇವಕ್ಕೆಲ್ಲ ಹೆಸರನ್ನೂ ಕನ್ನಡದಲ್ಲೇ ಇಡಬಹುದು. ಆದರೆ ಒಂದು ಎಚ್ಚರಿಕೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರ ಬರುತ್ತದೆ. ನುಡಿಯಾಗಲಿ ಬರಹವಾಗಲಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಆರಿಸಿಕೊಂಡು ಟೈಪ್ ಮಾಡಿ. ಅರ್ಜಿ ಟೈಪ್ ಮಾಡಿಸಲು ಬರುವವರಿಗೂ ಇದನ್ನೇ ಹೇಳಿ ಹೇಳಿ ಸಾಕಾಗಿದೆ, ಅದು ಬೇರೆ ಮಾತು.

ಕಥೆ ಬರೆಯುವ ಮಕ್ಕಳಿಗೆ ಟ್ವೈನ್ ಕೊಡಿ. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕ್ರಿಸ್ ಕ್ಲಿಮಸ್ ಅನ್ನುವವರು 2009ರಲ್ಲಿ ಹೊರತಂದದ್ದು, ಇದೂ ಉಚಿತ. ಚಿತ್ರ ಬೇಡ, ಓಡುವ ಗೊಂಬೆ ಬೇಡ, ಬರೀ ಮಾತು. ‘ಶಾಲೆ ಬಿಟ್ಟಿತು. ಕತ್ತಲಾಗುತ್ತಿದೆ. ತೋಟದ ಒಳದಾರಿಯಲ್ಲಿ ಹೋಗುತ್ತೀಯಾ, ರಸ್ತೆಯಲ್ಲಿ ಸುತ್ತಿ ಹೋಗುತ್ತೀಯಾ?’ ಅಂತ ಬರೆದು, ಎರಡೂ ಉತ್ತರಗಳಿಗೆ ಆಚೀಚೆ ಎರಡೆರಡು ಚೌಕ ಆವರಣ ಹಾಕಿದರೆ ಸಾಕು. ಆಡುವವರು ಒತ್ತಿದ ಕಡೆಗೆ ಕಥೆ ಹೋಗುತ್ತದೆ. ಪರದೆಯ ಮೇಲೆ ಕಥೆಯ ಕವಲುಗಳೆಲ್ಲ ನಕ್ಷೆಯ ಹಾಗೆ ಕಾಣುತ್ತವೆ. ಮುಗಿದ ಮೇಲೆ ಒಂದೇ ಫೈಲು. ಅದನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟಾಗಿ ಕಳಿಸಿದರೆ ಅಜ್ಜಿಯ ಫೋನಿನ ಬ್ರೌಸರಿನಲ್ಲೂ ತೆರೆಯುತ್ತದೆ. ಒಂದು ವಿಷಯ ನೆನಪಿರಲಿ. ಟ್ವೈನನ್ನು ಇಳಿಸಿಕೊಳ್ಳದೆ ಬ್ರೌಸರಿನಲ್ಲೇ ಬಳಸಿದರೆ ಕಥೆ ಆ ಬ್ರೌಸರಿನೊಳಗೇ ಉಳಿಯುತ್ತದೆ. ಯಾರಾದರೂ ಹಿಸ್ಟರಿಯ ಜೊತೆ ಎಲ್ಲ ಅಳಿಸಿ ಹಾಕಿದರೆ ಕಥೆಯೂ ಹೋಗುತ್ತದೆ. ಸೈಬರ್ ಸೆಂಟರಿನಲ್ಲಿ ಕೂತು ಬರೆಯುವವರು ಏಳುವ ಮೊದಲು ಪೆನ್‌ಡ್ರೈವ್‌ಗೆ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಸ್ಕ್ರ್ಯಾಚ್ ಗೇಮನ್ನೂ ಫೋನಿಗೆ ಕಳಿಸಬಹುದು. ಟರ್ಬೋವಾರ್ಪ್ ಪ್ಯಾಕೇಜರ್ ಅನ್ನುವ ಉಚಿತ ಸಾಧನ ಅದನ್ನು ಒಂದೇ ಫೈಲಾಗಿ ಕಟ್ಟಿಕೊಡುತ್ತದೆ. ಆದರೆ ಫೋನಿನಲ್ಲಿ ಬಾಣದ ಕೀಗಳಿಲ್ಲವಲ್ಲ? ಬುಟ್ಟಿ ಮೌಸಿನ ಹಿಂದೆ ಹೋಗುವ ಹಾಗೆ ಮಾಡಿದರೆ ಫೋನಿನಲ್ಲಿ ಬೆರಳಿನ ಹಿಂದೆ ಹೋಗುತ್ತದೆ. ಮಕ್ಕಳು ಗೇಮ್ ಮುಗಿಸುವುದೇ ಯಾರಿಗಾದರೂ ತೋರಿಸಲು. ತೋರಿಸಲು ಆಗದಿದ್ದರೆ ಅರ್ಧಕ್ಕೇ ಬಿಡುತ್ತಾರೆ. ಹಾಗಾಗಿ ಇದು ಸಣ್ಣ ವಿಷಯವಲ್ಲ.

ದೊಡ್ಡ ಮಕ್ಕಳು ಸ್ಕ್ರ್ಯಾಚ್ ಸಾಕಾಯಿತು ಅಂತ ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಅವಸರ ಬೇಡ. ಆಮೇಲೂ ಕೋಡ್ ಬೇಡ ಅಂದರೆ ಜಿಡೆವಲಪ್ ಇದೆ, ‘ಹೀಗಾದರೆ ಹೀಗೆ ಮಾಡು’ ಅಂತ ಸಾಲು ಸಾಲಾಗಿ ಆರಿಸುತ್ತಾ ಹೋಗುವುದು. ಕನ್‌ಸ್ಟ್ರಕ್ಟ್ ಕೂಡ ಅದೇ ಜಾತಿ. ಆದರೆ ಉಚಿತದ ಮಿತಿ ಬೇಗ ಮುಗಿದು ಚಂದಾ ಕೇಳುತ್ತದೆ. ಕೋಡ್ ಬರೆಯುವ ಹುಮ್ಮಸ್ಸು ಇದ್ದರೆ ನನ್ನ ಓಟು ಗೋಡೋಗೆ. ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ, ಏರಿಯಲ್ ಮಂಜೂರ್ ಅನ್ನುವ ಇಬ್ಬರು ಶುರು ಮಾಡಿದ್ದು. 2014ರಿಂದ ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ದುಡ್ಡಿಲ್ಲದೆ ಬಳಸಬಹುದು. ಇಳಿಸಿಕೊಳ್ಳುವ ಫೈಲು ಯೂನಿಟಿಯ ಎದುರು ಏನೂ ಅಲ್ಲ. ಇನ್‌ಸ್ಟಾಲ್ ಮಾಡುವ ರಗಳೆಯೂ ಇಲ್ಲ, ಪೆನ್‌ಡ್ರೈವ್‌ನಿಂದಲೇ ತೆರೆಯಬಹುದು. ಅದರ ಕೋಡ್ ಭಾಷೆ ನೋಡಲು ಪೈಥಾನ್ ಅನ್ನುವ ಇನ್ನೊಂದು ಕೋಡ್ ಭಾಷೆಯಂತೆ ಇರುವುದರಿಂದ ಮುಂದೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಳ್ಳುವವರಿಗೂ ಅನುಕೂಲ. ಕನ್ನಡದ ಮಟ್ಟಿಗೆ ಮಾತ್ರ 4ನೇ ಆವೃತ್ತಿಯನ್ನೇ ತಗೊಳ್ಳಬೇಕು. 3ರಲ್ಲಿ ನಮ್ಮ ಒತ್ತಕ್ಷರಗಳು ಚೆಲ್ಲಾಪಿಲ್ಲಿ. 2023ರ ಮಾರ್ಚ್‌ನಲ್ಲಿ ಬಂದ 4ರಲ್ಲಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದರೆ, ‘ಬ್ರಹ್ಮಗಿರಿ’ ಅಚ್ಚುಕಟ್ಟಾಗಿ ಕೂರುತ್ತದೆ.

ಓಪನ್ ಸೋರ್ಸ್ ಅಂತ ನಾನು ಒತ್ತಿ ಹೇಳಲು ಕಾರಣ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಕಂಪನಿ ಒಂದು ಮಟ್ಟ ದಾಟಿದ ಗೇಮುಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂತ ಘೋಷಿಸಿತು. ಜಗತ್ತಿನಾದ್ಯಂತ ಗೇಮ್ ಮಾಡುವವರು ಗಲಾಟೆ ಎಬ್ಬಿಸಿದರು. ಮರುವರ್ಷ ಅದನ್ನು ಕೈಬಿಟ್ಟರು. ಶಾಲೆ ಮಕ್ಕಳಿಗೆ ಆ ಶುಲ್ಕ ತಟ್ಟುತ್ತಿರಲಿಲ್ಲ, ನಿಜ. ಆದರೂ ನಾಳೆ ಬೆಳಿಗ್ಗೆ ನಿಯಮ ಬದಲಾಗದ ಸಾಮಾನಿನಲ್ಲಿ ಕಲಿಯುವುದು ವಾಸಿ.

ಮಕ್ಕಳಿಗೂ ಒಂದು ಮಾತು. ಎಲ್ಲರಿಗೂ ಮೊದಲ ದಿನವೇ ಫ್ರೀ ಫೈರ್ ತರಹದ್ದು ಬೇಕು. ಅಂಥದ್ದನ್ನು ಮಾಡಲು ಕಂಪನಿಗಳಲ್ಲಿ ದೊಡ್ಡ ದೊಡ್ಡ ತಂಡಗಳು ಕೂತಿರುತ್ತವೆ. 2013ರಲ್ಲಿ ಬಂದು ಮರುವರ್ಷ ಎಲ್ಲರ ಫೋನಿನಲ್ಲಿ ಕೂತ ಫ್ಲ್ಯಾಪಿ ಬರ್ಡ್ ಅನ್ನು ವಿಯೆಟ್ನಾಮಿನ ಡಾಂಗ್ ನ್ಗುಯೆನ್ ಒಬ್ಬನೇ ಮಾಡಿದ್ದು. ಒಂದು ಹಕ್ಕಿ, ಕೆಲವು ಪೈಪು, ಒಂದು ಬೆರಳು. ಅಷ್ಟೇ. ಕೈಲ್‌ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದೆಯಲ್ಲ, ಅದನ್ನೇ ಗೇಮ್ ಮಾಡಿ. ಮರದ ತುದಿಯ ಕಾಯಿ ಗಾಳಿಗೆ ಅಲ್ಲಾಡುತ್ತಿರಲಿ, ಮೌಸಿನಲ್ಲಿ ಗುರಿ ಇಡಿ. ನನ್ನ ಅಕ್ಕನ ಮಗ ಈಗ ಅದೇ 4 ಜಿಬಿ ಲ್ಯಾಪ್‌ಟಾಪಿನಲ್ಲಿ ಹಾಕಿ ಪೆನಾಲ್ಟಿ ಗೇಮ್ ಮಾಡುತ್ತಿದ್ದಾನೆ. ಕೊಡವ ಮನೆತನಗಳ ಕೌಟುಂಬಿಕ ಹಾಕಿಯ ಹಾಗೆ ತಂಡಗಳಿಗೆ ಮನೆಹೆಸರು ಇಟ್ಟಿದ್ದಾನೆ. ನಮ್ಮ ಮನೆಯ ಗೋಲಿ ಮಾತ್ರ ಯಾವ ಚೆಂಡನ್ನೂ ಬಿಡುವುದಿಲ್ಲ! ಇದು ಸರಿಯಲ್ಲ ಅಂತ ಹೇಳಿದ್ದೇನೆ.

ಗೇಮ್ ಅಂದ ಕೂಡಲೇ ಆನ್‌ಲೈನ್ ರಮ್ಮಿ ನೆನಪಾಗಿ ಸಿಡುಕುವ ಅಪ್ಪಂದಿರಿದ್ದಾರೆ. ಅವರದ್ದು ತಪ್ಪು ಅನ್ನಲಾರೆ, ಅದರಲ್ಲಿ ಹಾಳಾದ ಮನೆಗಳನ್ನು ಎಲ್ಲರೂ ನೋಡಿದ್ದೇವೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಮಗು ಕೂತು ಹಲಸಿನ ಗೇಮ್ ಮಾಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಕಂಪ್ಯೂಟರಿಗೆ ಬೀಗ ಜಡಿಯಬೇಡಿ.

ಕೊನೆಗೆ, ಸಂಪಾದಕರೇ, ನಿಮ್ಮ ಪತ್ರಿಕೆಯ ಮೂಲಕ ಜಿಲ್ಲಾ ಪಂಚಾಯಿತಿಯವರಲ್ಲಿ ಒಂದು ಕೋರಿಕೆ. ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರೂ ಬಂದಿದೆ. ಅವುಗಳಲ್ಲಿ ಸ್ಕ್ರ್ಯಾಚ್ ಮತ್ತು ಟ್ವೈನ್ ಹಾಕಿಸಿ. ಖರ್ಚು ಏನೂ ಇಲ್ಲ, ಟೆಂಡರ್ ಕರೆಯುವುದೂ ಬೇಡ. ಒಂದು ಪೆನ್‌ಡ್ರೈವ್ ಸಾಕು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಒಂದೊಂದು ಮಧ್ಯಾಹ್ನ ಅಲ್ಲಿ ಕೂತು ತೋರಿಸಿಕೊಟ್ಟರೆ ಇನ್ನೂ ಚೆನ್ನ. ಶಿಬಿರ ನಡೆಸುವವರಿಗೂ ಒಂದು ಮಾತು. ಕರಪತ್ರದಲ್ಲಿ ಸಾಫ್ಟ್‌ವೇರ್ ಹೆಸರು, ಅದಕ್ಕೆ ಬೇಕಾದ ರ‍್ಯಾಮ್ ಎಷ್ಟು, ನೆಟ್ ಬೇಕೋ ಬೇಡವೋ ಅಂತ ಒಂದು ಸಾಲು ಹಾಕಿ. ಆ ಸಾಲು ಟೈಪ್ ಮಾಡಲು ನಾನು ಜಾಸ್ತಿ ಚಾರ್ಜ್ ಮಾಡುವುದಿಲ್ಲ.

ಅಲ್ಲಿಯವರೆಗೆ, ಯಾರಿಗಾದರೂ ಬೇಕಿದ್ದರೆ ಪೆನ್‌ಡ್ರೈವ್ ತಂದರೆ ನಾನೇ ಹಾಕಿಕೊಡುತ್ತೇನೆ. ಸಂತೆ ದಿನ ಮಾತ್ರ ಬರಬೇಡಿ, ಆವತ್ತು ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇತಿ,
ಜೆರಾಕ್ಸ್ ಅಂಗಡಿಯ ಓದುಗಾರ್ತಿ,
ಗೋಣಿಕೊಪ್ಪಲು, ಕೊಡಗು